ಆ ಸೋಫಾದಲ್ಲಿ ಬೇರೆ ಯಾರೋ ಕೂರಬೇಕಿತ್ತು

ಅಮೆರಿಕದ ಹಾಸ್ಯ ಸರಣಿ 'ಫ್ರೆಂಡ್ಸ್' ನೋಡಿದವರಿಗೆ ಒಂದು ವಿಷಯದಲ್ಲಿ ಅನುಮಾನವೇ ಇರುವುದಿಲ್ಲ. ಚಾಂಡ್ಲರ್ ಅಂದರೆ ಮ್ಯಾಥ್ಯೂ ಪೆರ್ರಿ, ರೇಚಲ್ ಅಂದರೆ ಜೆನಿಫರ್ ಆನಿಸ್ಟನ್. ಬೇರೆ ಯಾರನ್ನಾದರೂ ಆ ಜಾಗದಲ್ಲಿ ಊಹಿಸಿಕೊಳ್ಳಿ ಅಂದರೆ ಆಗುವುದೇ ಇಲ್ಲ. ಆದರೆ 1994ರ ಮೊದಲ ತಿಂಗಳುಗಳಲ್ಲಿ ಕಾಗದಪತ್ರ ತೆಗೆದು ನೋಡಿದ್ದರೆ ಇವರಿಬ್ಬರೂ ಬೇರೆಯವರಿಗೆ ಬರೆದುಕೊಟ್ಟು ಕೂತವರು. ಆನಿಸ್ಟನ್ ಇನ್ನೊಂದು ಚಾನೆಲ್‌ನ ಹಾಸ್ಯ ಸರಣಿಯಲ್ಲಿದ್ದರು. ಪೆರ್ರಿ 2194ನೇ ಇಸವಿಯ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ಸಾಗಿಸುವವರ ಕಥೆಯಲ್ಲಿದ್ದರು. ಹೌದು, 2194. ಅಚ್ಚಿನ ತಪ್ಪಲ್ಲ.

ಇಂಥ ಸಂಗತಿಗಳನ್ನು 'ನಿಮಗೆ ಗೊತ್ತೇ?' ಅಂತ ಪಟ್ಟಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಓದಲು ಮಜವಾಗಿಯೇ ಇರುತ್ತದೆ. ನನಗೆ ಮಾತ್ರ ಯಾವಾಗಲೂ ಕಾಡುವುದು ಮುಂದಿನ ಪ್ರಶ್ನೆ. ಬೇರೆ ಕಡೆ ಸಹಿ ಹಾಕಿದ ನಟಿಯನ್ನು ಇವರು ಹೇಗೆ ತೆಗೆದುಕೊಂಡರು? ಅದಕ್ಕೆ ಕಾನೂನು ಒಪ್ಪುತ್ತದಾ? ಆ ಇನ್ನೊಂದು ಸರಣಿ ಗೆದ್ದುಬಿಟ್ಟಿದ್ದರೆ ಗತಿ ಏನು? ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ಟಿವಿ ಲೋಕದ ಒಂದು ವಿಚಿತ್ರ ಪದ್ಧತಿ ಅರ್ಥವಾಗಬೇಕು.

ಆ ಕಾಲಕ್ಕೆ ಅಲ್ಲಿನ ದೊಡ್ಡ ಚಾನೆಲ್‌ಗಳಲ್ಲಿ ಹೊಸ ಸರಣಿಗಳು ಹುಟ್ಟುವುದಕ್ಕೆ ಒಂದು ಸುಗ್ಗಿಯೇ ಇತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಬರಹಗಾರರು ಬಂದು ಕಥೆಯ ಎಳೆ ಹೇಳುತ್ತಾರೆ. ಹಿಡಿಸಿದರೆ ಚಾನೆಲ್ ಸ್ಕ್ರಿಪ್ಟ್ ಬರೆಸುತ್ತದೆ. ಹೊಸ ವರ್ಷ ಶುರುವಾಗುತ್ತಿದ್ದಂತೆ ಆ ಸ್ಕ್ರಿಪ್ಟ್‌ಗಳಲ್ಲಿ ಕೆಲವನ್ನು ಆರಿಸಿ, ತಲಾ ಒಂದೇ ಒಂದು ಕಂತು ತೆಗೆಯಲು ದುಡ್ಡು ಕೊಡುತ್ತದೆ. ಇದೇ ಪೈಲಟ್. ಮೇ ತಿಂಗಳಲ್ಲಿ ಚಾನೆಲ್‌ನವರು ಎಲ್ಲ ಪೈಲಟ್‌ಗಳನ್ನೂ ನೋಡಿ, ಒಂದಷ್ಟನ್ನು ಸರಣಿ ಮಾಡುತ್ತಾರೆ. ಮಿಕ್ಕವು ಡಬ್ಬ ಸೇರುತ್ತವೆ. ಹೆಚ್ಚಿನವು ಸೇರುವುದು ಡಬ್ಬವನ್ನೇ.

ಹಾಗಾಗಿ ಫೆಬ್ರವರಿ, ಮಾರ್ಚ್ ಬಂತೆಂದರೆ ಲಾಸ್ ಏಂಜಲೀಸ್‌ನಲ್ಲಿ ಎಲ್ಲ ಪೈಲಟ್‌ಗಳಿಗೂ ಒಟ್ಟಿಗೇ ನಟರು ಬೇಕು. ನಗಿಸಲು ಬರುವವರು ಅಷ್ಟೇ ಜನ, ಎಳೆದಾಡುವವರು ಹತ್ತಾರು ಮಂದಿ. ಈ ಎಳೆದಾಟದಲ್ಲಿ ಚಾನೆಲ್‌ಗಳು ಒಂದು ನಿಯಮ ಮಾಡಿಕೊಂಡಿದ್ದವು. ಚಾನೆಲ್‌ನ ದೊಡ್ಡವರ ಮುಂದೆ ಕೊನೆಯ ಆಡಿಷನ್ ಕೊಡುವ ಮೊದಲೇ ನಟ ಪೂರ್ತಿ ಕರಾರಿಗೆ ಸಹಿ ಹಾಕಬೇಕು. ಸಂಬಳ ಎಷ್ಟು, ವರ್ಷ ವರ್ಷ ಎಷ್ಟು ಏರುತ್ತದೆ, ಎಷ್ಟು ವರ್ಷ ಬಿಟ್ಟು ಹೋಗುವ ಹಾಗಿಲ್ಲ, ಎಲ್ಲವೂ ಅದರಲ್ಲಿರುತ್ತದೆ. ಪಾತ್ರ ಸಿಕ್ಕಿಲ್ಲ, ಪೈಲಟ್ ತೆಗೆದಿಲ್ಲ, ಸರಣಿ ಅಂತೂ ದೂರದ ಮಾತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತಾರಲ್ಲ, ಅದೇ. ಆದರೆ ಕುಲಾವಿ ಹೊಲಿಸುವುದರಲ್ಲಿ ಲೆಕ್ಕಾಚಾರ ಇದೆ. 'ನೀವೇ ಬೇಕು' ಅಂತ ಮೊದಲು ಹೇಳಿ ಆಮೇಲೆ ಸಂಬಳ ಮಾತಾಡಿದರೆ ನಟ ಬಾಯಿಗೆ ಬಂದಷ್ಟು ಕೇಳಬಹುದು. ಆಯ್ಕೆಗೆ ಮುಂಚೆ ಕೇಳಿದರೆ, ಬಾಗಿಲಾಚೆ ಇನ್ನೂ ಮೂವರು ಕಾಯುತ್ತಿದ್ದಾರೆ ಅನ್ನುವ ಭಯದಲ್ಲಿ ಸಿಕ್ಕಿದ್ದಕ್ಕೆ ಸಹಿ ಹಾಕುತ್ತಾನೆ.

ಎಷ್ಟು ವರ್ಷ ಹಿಡಿದಿಟ್ಟುಕೊಳ್ಳಬಹುದು ಅನ್ನುವುದಕ್ಕೂ ಮಿತಿ ಇದೆ. ಕ್ಯಾಲಿಫೋರ್ನಿಯಾ ಕಾನೂನಿನ ಪ್ರಕಾರ 7 ವರ್ಷ. 1940ರ ದಶಕದಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಇದಕ್ಕಾಗಿ ವಾರ್ನರ್ ಬ್ರದರ್ಸ್ ಸ್ಟುಡಿಯೋ ಮೇಲೆಯೇ ಕೋರ್ಟಿಗೆ ಹೋಗಿ ಗೆದ್ದರು. ಫ್ರೆಂಡ್ಸ್ ತಯಾರಾಗಿದ್ದೂ ಅದೇ ಸ್ಟುಡಿಯೋದಲ್ಲಿ.

ಈಗ ಆ ವಿಚಿತ್ರ ಪದ್ಧತಿಗೆ ಬರೋಣ. ಒಬ್ಬ ನಟಿ ಈಗಾಗಲೇ ಒಂದು ಪೈಲಟ್‌ಗೆ ಸಹಿ ಹಾಕಿದ್ದಾಳೆ. ನಿಮಗೆ ಅವಳೇ ಬೇಕು. ಆಗ ನೀವು ಅವಳನ್ನು 'ಸೆಕೆಂಡ್ ಪೊಸಿಷನ್'ನಲ್ಲಿ ತೆಗೆದುಕೊಳ್ಳಬಹುದು, ಅಂದರೆ ಎರಡನೇ ಸಾಲಿನಲ್ಲಿ. ಮೊದಲು ಸಹಿ ಹಾಕಿಸಿಕೊಂಡವರಿಗೆ ಮೊದಲ ಹಕ್ಕು. ಅವರ ಸರಣಿ ಬಿದ್ದರೆ ನಟಿ ನಿಮ್ಮವಳು. ಎದ್ದು ನಿಂತರೆ ಅವಳು ಅವರ ಪಾಲು, ನೀವು ಬೇರೆ ನಟಿಯನ್ನು ಹುಡುಕಿ, ತೆಗೆದದ್ದನ್ನೆಲ್ಲ ಮತ್ತೆ ತೆಗೆಯಬೇಕು. ನೇರವಾಗಿ ಹೇಳುವುದಾದರೆ ಬೇರೆಯವರ ಸೋಲಿನ ಮೇಲೆ ನೀವು ದುಡ್ಡು ಕಟ್ಟಿದ್ದೀರಿ. ಫ್ರೆಂಡ್ಸ್‌ನವರು ಇಂಥ ಜೂಜನ್ನು ಒಂದಲ್ಲ, ಎರಡು ಪಾತ್ರಗಳಿಗೆ ಆಡಿದರು.

ಫ್ರೆಂಡ್ಸ್ ಅಂದರೆ ನ್ಯೂಯಾರ್ಕ್‌ನ ಆರು ಗೆಳೆಯ ಗೆಳತಿಯರ ಕಥೆ: ರೇಚಲ್, ಮೋನಿಕಾ, ಫೀಬಿ, ರಾಸ್, ಚಾಂಡ್ಲರ್, ಜೋಯಿ. ಸರಣಿ ಹುಟ್ಟುಹಾಕಿದ ಬರಹಗಾರರು ಡೇವಿಡ್ ಕ್ರೇನ್ ಮತ್ತು ಮಾರ್ಟಾ ಕಾಫ್‌ಮನ್. ನಿರ್ಮಾಣದಲ್ಲಿ ಜೊತೆಯಾದವರು ಕೆವಿನ್ ಬ್ರೈಟ್. ಮೊದಲು ಇದಕ್ಕೆ ಇಟ್ಟ ಹೆಸರು 'ಇನ್‌ಸೋಮ್ನಿಯಾ ಕೆಫೆ'. ಆಮೇಲೆ 'ಫ್ರೆಂಡ್ಸ್ ಲೈಕ್ ಅಸ್' ಆಯಿತು, 'ಸಿಕ್ಸ್ ಆಫ್ ಒನ್' ಆಯಿತು, ಕೊನೆಗೆ ಬರೀ 'ಫ್ರೆಂಡ್ಸ್' ಉಳಿಯಿತು. ಪೈಲಟ್‌ಗೆ ನಟರನ್ನು ಹುಡುಕುವ ಕೆಲಸ ಎಲ್ಲೀ ಕ್ಯಾನರ್ ಅನ್ನುವವರದು. ಒಂದೊಂದು ಪಾತ್ರಕ್ಕೂ ಸುಮಾರು 1,000 ಹೆಸರು ಬಂದವು. ಅದನ್ನು 75ಕ್ಕೆ ಇಳಿಸಿ, ಅವರನ್ನು ಓದಿಸಿ, ಮಾರ್ಚ್ ಕೊನೆಯ ಹೊತ್ತಿಗೆ ಪಾತ್ರಕ್ಕೆ ಮೂರ್ನಾಲ್ಕು ಜನ ಉಳಿದರು.

ಆರು ಜನರಲ್ಲಿ ಗೊಂದಲವೇ ಇಲ್ಲದೆ ಬಂದವರು ಡೇವಿಡ್ ಶ್ವಿಮ್ಮರ್ ಒಬ್ಬರೇ. ಹಿಂದೆ ಇದೇ ಬರಹಗಾರರ ಬೇರೊಂದು ಪೈಲಟ್‌ಗೆ ಆಡಿಷನ್ ಕೊಟ್ಟಿದ್ದರು. ಆ ಪಾತ್ರ ಸಿಗಲಿಲ್ಲ, ಆದರೆ ಅವರ ದನಿ ಬರಹಗಾರರ ಕಿವಿಯಲ್ಲಿ ಉಳಿಯಿತು. ರಾಸ್‌ನ ಮಾತುಗಳನ್ನು ಬರೆಯುವಾಗ ಇವರೇ ತಲೆಯಲ್ಲಿದ್ದರಂತೆ. ಆ ಹೊತ್ತಿಗೆ ಶ್ವಿಮ್ಮರ್ ಟಿವಿಯ ಸಹವಾಸವೇ ಸಾಕು ಅಂತ ಶಿಕಾಗೋಗೆ ಹೋಗಿ ನಾಟಕ ಮಾಡುತ್ತಿದ್ದರು. ಕರೆದುಕೊಂಡು ಬರಬೇಕಾಯಿತು. ಅಂದಹಾಗೆ, ರಾಸ್ ಪಾತ್ರಕ್ಕೆ ಕೊನೆಯ ಹಂತದವರೆಗೂ ಬಂದಿದ್ದ ಮಿಚೆಲ್ ವಿಟ್‌ಫೀಲ್ಡ್ ಆಮೇಲೆ ಬ್ಯಾರಿ ಆದರು. ರೇಚಲ್ ಮದುವೆ ಮಂಟಪದಲ್ಲಿ ಬಿಟ್ಟು ಓಡಿಬಂದ ಆ ಹಲ್ಲಿನ ಡಾಕ್ಟರ್.

ಕೋರ್ಟ್ನಿ ಕಾಕ್ಸ್ ಅವರನ್ನು ಕರೆದಿದ್ದು ರೇಚಲ್ ಪಾತ್ರಕ್ಕೆ. ಅವರೇ 'ನಾನು ಮೋನಿಕಾ ಮಾಡುತ್ತೇನೆ' ಅಂತ ಪಟ್ಟು ಹಿಡಿದರು. ಆರು ಜನರಲ್ಲಿ ಆಗ ಹೆಚ್ಚು ಹೆಸರಿದ್ದವರು ಅವರೇ ಆದ್ದರಿಂದ ಮಾತು ನಡೆಯಿತು. ಇದರಿಂದ ರೇಚಲ್‌ಳ ಜಾಗ ಖಾಲಿ ಉಳಿಯಿತು.

ಆ ಜಾಗಕ್ಕೆ ಬಂದವರು ಆನಿಸ್ಟನ್. ತೊಂದರೆ ಏನೆಂದರೆ ಅವರು ಆಗಲೇ ಸಿಬಿಎಸ್ ಚಾನೆಲ್‌ನ 'ಮಡ್ಲಿಂಗ್ ಥ್ರೂ' ಅನ್ನುವ ಸರಣಿಯಲ್ಲಿದ್ದರು. ಅದು ಬರೀ ಪೈಲಟ್ ಅಲ್ಲ, ಕಂತುಗಳನ್ನೇ ತೆಗೆದಿಟ್ಟಿದ್ದರು, ಪ್ರಸಾರ ಆಗಿರಲಿಲ್ಲ ಅಷ್ಟೇ. ಫ್ರೆಂಡ್ಸ್ ಪೈಲಟ್ ಮುಗಿಯಿತು, ಅದನ್ನು ತೆಗೆಸಿದ ಎನ್‌ಬಿಸಿ ಚಾನೆಲ್ ಸರಣಿ ಮಾಡಲು ಒಪ್ಪಿತು, ಆದರೂ ರೇಚಲ್ ಯಾರು ಅನ್ನುವುದು ಕಾಗದದ ಮೇಲೆ ತೀರ್ಮಾನ ಆಗಿರಲಿಲ್ಲ. ಪ್ರಚಾರದ ಫೋಟೋ ತೆಗೆಯುವಾಗ ಕೆಲವು ಫೋಟೋಗಳಿಂದ ತಮ್ಮನ್ನು ಪಕ್ಕಕ್ಕೆ ನಿಲ್ಲಲು ಹೇಳಿದ್ದರು ಅಂತ ಆನಿಸ್ಟನ್ ಆಮೇಲೆ ನೆನಪಿಸಿಕೊಂಡಿದ್ದಾರೆ. ಬೇರೆ ರೇಚಲ್ ಬಂದರೆ ಅವಳನ್ನು ಸೇರಿಸಬೇಕಲ್ಲ! ಬಿಟ್ಟುಬಿಡಿ ಅಂತ ಆ ಇನ್ನೊಂದು ಸರಣಿಯ ನಿರ್ಮಾಪಕರನ್ನು ಕೇಳಿಕೊಂಡರೆ, ನಿನ್ನನ್ನು ಸ್ಟಾರ್ ಮಾಡುವುದು ನಮ್ಮ ಸರಣಿ, ಅದಲ್ಲ ಅನ್ನುವ ಉತ್ತರ ಬಂತಂತೆ.

ಎನ್‌ಬಿಸಿ ಸುಮ್ನೆ ಕೂರಲಿಲ್ಲ. 1994ರ ಬೇಸಿಗೆಯಲ್ಲಿ 'ಮಡ್ಲಿಂಗ್ ಥ್ರೂ' ಶನಿವಾರ ರಾತ್ರಿ ಪ್ರಸಾರವಾದಾಗ, ಅದರ ಎದುರಿಗೆ ಡೇನಿಯಲ್ ಸ್ಟೀಲ್ ಕಾದಂಬರಿಗಳ ಟಿವಿ ಚಿತ್ರಗಳನ್ನು ಹಾಕಿತು. ಅಂಥ ಚಿತ್ರಗಳಿಗೆ ಜನ ಕಾದು ಕೂರುತ್ತಿದ್ದ ಕಾಲ ಅದು. ಸರಣಿ ಬಾಳಲಿಲ್ಲ. ಇದನ್ನು ಬೇಕಂತಲೇ ಮಾಡಿದೆವು ಅಂತ ಎನ್‌ಬಿಸಿಯವರೇ ಹೇಳಿಕೊಂಡಿದ್ದಾರೆ. ದುಡ್ಡು ಕಟ್ಟಿದವರೇ ಹೋಗಿ ಎದುರಾಳಿ ಕುದುರೆಯ ಕಾಲಿಗೆ ಹಗ್ಗ ಕಟ್ಟಿ ಬಂದ ಹಾಗೆ. ನನಗಂತೂ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಭಾಗ ಇದು.

ಪೆರ್ರಿಯವರದು ಇನ್ನೂ ತಮಾಷೆ. ಅವರು ಸಹಿ ಹಾಕಿದ್ದು 'ಎಲ್‌ಎಎಕ್ಸ್ 2194' ಅನ್ನುವ ಪೈಲಟ್‌ಗೆ. 200 ವರ್ಷ ಮುಂದಿನ ಲಾಸ್ ಏಂಜಲೀಸ್ ವಿಮಾನ ನಿಲ್ದಾಣ, ಅಲ್ಲಿಗೆ ಬಂದಿಳಿಯುವ ಅನ್ಯಗ್ರಹದವರ ಲಗೇಜು. ದುಡ್ಡಿನ ತುರ್ತಿತ್ತು, ಸಿಕ್ಕಿದ್ದನ್ನು ಒಪ್ಪಿಕೊಂಡಿದ್ದರು. ಅಷ್ಟರಲ್ಲಿ ಫ್ರೆಂಡ್ಸ್ ಸ್ಕ್ರಿಪ್ಟ್ ಊರೆಲ್ಲ ಓಡಾಡುತ್ತಿತ್ತು. ಚಾಂಡ್ಲರ್ ಪಾತ್ರಕ್ಕೆ ಆಡಿಷನ್ ಕೊಡಲು ಹೊರಟ ಗೆಳೆಯರೆಲ್ಲ ಪೆರ್ರಿ ಹತ್ತಿರ ಬಂದು ಹೇಗೆ ಹೇಳಬೇಕು ಅಂತ ಕಲಿಯುತ್ತಿದ್ದರು. ಯಾಕೆಂದರೆ ಚಾಂಡ್ಲರ್ ಮಾತಾಡುವುದೇ ಇವರ ಹಾಗೆ. ಹಾಗೆ ಕಲಿತವರಲ್ಲಿ ಒಬ್ಬರಾದ ಕ್ರೇಗ್ ಬಿಯರ್ಕೊ ಅವರಿಗೆ ಪಾತ್ರ ಸಿಕ್ಕಿಯೂ ಸಿಕ್ಕಿತು. ಅವರು ಅದನ್ನು ಬಿಟ್ಟು ಬೇರೊಂದು ಪೈಲಟ್ ಆರಿಸಿಕೊಂಡರು. ಇನ್ನೊಬ್ಬ ನಟ ಜಾನ್ ಕ್ರೈಯರ್ ಆಗ ಲಂಡನ್‌ನಲ್ಲಿ ನಾಟಕ ಮಾಡುತ್ತಿದ್ದರು. ಅಲ್ಲಿಂದ ಕಳಿಸಿದ ಆಡಿಷನ್ ಟೇಪು ಸಮಯಕ್ಕೆ ಸರಿಯಾಗಿ ತಲುಪಲೇ ಇಲ್ಲ. ಕೊನೆಗೆ ನಿರ್ಮಾಪಕರು ಪೆರ್ರಿಯನ್ನೇ ಎರಡನೇ ಸಾಲಿನಲ್ಲಿ ಕರೆದರು. ಲಗೇಜು ಸಾಗಿಸುವವರ ಸರಣಿ ಎದ್ದು ನಿಲ್ಲುತ್ತದೆ ಅಂತ ಯಾರಿಗೂ ಅನಿಸಿರಲಿಲ್ಲ. ನಿಲ್ಲಲೂ ಇಲ್ಲ.

ಜೋಯಿ ಆದ ಮ್ಯಾಟ್ ಲೆಬ್ಲಾಂಕ್ ಹತ್ತಿರ ಆಗ ಉಳಿದಿದ್ದ ದುಡ್ಡು 11 ಡಾಲರ್. ಕೊನೆಯ ಆಡಿಷನ್‌ನ ಹಿಂದಿನ ರಾತ್ರಿ, ಕಥೆ ಗೆಳೆಯರದ್ದಲ್ಲವೇ, ಗೆಳೆಯನ ಜೊತೆ ಕುಡಿಯುವುದೇ ಸರಿಯಾದ ತಯಾರಿ ಅಂತ ಕುಡಿದು, ಬಚ್ಚಲಲ್ಲಿ ಬಿದ್ದು, ಮೂಗು ತರಚಿಕೊಂಡು ಬಂದರು. ಏನಾಯಿತು ಅಂತ ಕಾಫ್‌ಮನ್ ಕೇಳಿದಾಗ ನಿಜ ಹೇಳಿಬಿಟ್ಟರು. ಕೋಣೆಯಲ್ಲಿ ಎಲ್ಲರೂ ನಕ್ಕರು. ಜೋಯಿ ಅಂದರೆ ಹೀಗೆಯೇ ಅಲ್ವಾ? ಮೊದಲ ಸ್ಕ್ರಿಪ್ಟ್‌ನಲ್ಲಿ ಜೋಯಿ ಅಷ್ಟೊಂದು ಪೆದ್ದನಾಗಿರಲಿಲ್ಲ. ಲೆಬ್ಲಾಂಕ್ ಪೆದ್ದನ ಮಾತನ್ನು ಚೆನ್ನಾಗಿ ಹೇಳುತ್ತಾರೆ ಅಂತ ಕಂಡುಕೊಂಡ ಮೇಲೆ ಬರಹಗಾರರು ಆ ಕಡೆ ವಾಲಿದರು.

ಫೀಬಿ ಆದ ಲೀಸಾ ಕುಡ್ರೋ ಅವರ ತೊಡಕು ಬೇರೆ ಥರದ್ದು. ಅದಕ್ಕೆ ಹಿಂದಿನ ವರ್ಷ 'ಫ್ರೇಜಿಯರ್' ಸರಣಿಯಲ್ಲಿ ರಾಜ್ ಪಾತ್ರಕ್ಕೆ ಆಯ್ಕೆಯಾಗಿ, ರಿಹರ್ಸಲ್ ನಡೆಯುತ್ತಿರುವಾಗಲೇ ತೆಗೆಸಿಕೊಂಡಿದ್ದರು. ಆಮೇಲೆ 'ಮ್ಯಾಡ್ ಅಬೌಟ್ ಯೂ' ಸರಣಿಯಲ್ಲಿ ಅರ್ಸುಲಾ ಅನ್ನುವ ಮರೆಗುಳಿ ವೇಟ್ರೆಸ್ ಆದರು. ಇದೂ ಎನ್‌ಬಿಸಿಯಲ್ಲೇ, ಇದೂ ನ್ಯೂಯಾರ್ಕ್ ಕಥೆಯೇ. ಸಾಲದ್ದಕ್ಕೆ ಗುರುವಾರ 8 ಗಂಟೆಗೆ ಅದು, 8:30ಕ್ಕೆ ಫ್ರೆಂಡ್ಸ್. ಅರ್ಧ ಗಂಟೆಯಲ್ಲಿ ಒಂದೇ ಮುಖ ಎರಡು ಹೆಸರಿನಲ್ಲಿ ಬಂದರೆ ಜನ ಏನಂದುಕೊಳ್ಳಬೇಕು? ಬರಹಗಾರರು ಆ ತೊಡಕನ್ನೇ ಕಥೆ ಮಾಡಿಕೊಂಡರು. ಫೀಬಿ ಮತ್ತು ಅರ್ಸುಲಾ ಅವಳಿ ಅಕ್ಕತಂಗಿಯರು. ಈ ಬುದ್ಧಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಚಾನೆಲ್‌ನವರ ಸಲಹೆಗಳು

ಪಾತ್ರಗಳು ಕೂಡಿದ ಮೇಲೂ ಚಾನೆಲ್‌ಗೆ ಧೈರ್ಯ ಸಾಲದು. ಬರೀ ಇಪ್ಪತ್ತು ಚಿಲ್ಲರೆ ವಯಸ್ಸಿನವರ ಕಥೆ ದೊಡ್ಡವರು ನೋಡುತ್ತಾರಾ? ಬುದ್ಧಿ ಹೇಳಲು ಒಬ್ಬ ಹಿರಿಯ ಬೇಕು ಅಂತ ಎನ್‌ಬಿಸಿ ಕೇಳಿತು. ಬರಹಗಾರರು 'ಪ್ಯಾಟ್' ಅನ್ನುವ ಪೊಲೀಸಿನವನನ್ನು ಸೇರಿಸಿ ಒಂದು ಸ್ಕ್ರಿಪ್ಟ್ ಬರೆದೂ ನೋಡಿದರು. ಅದು ಅವರಿಗೇ ಸಹಿಸಲಾಗಲಿಲ್ಲ. ಅಪ್ಪ ಅಮ್ಮಂದಿರನ್ನು ಆಗಾಗ ತರುತ್ತೇವೆ, ಇವನನ್ನು ಬಿಟ್ಟುಬಿಡಿ ಅಂತ ಬೇಡಿಕೊಂಡರು. ಆರೂ ಜನ ಸೋಫಾದಲ್ಲಿ ಕೂತು ಹರಟುವ ಕಾಫಿ ಅಂಗಡಿ ಅನ್ನುವುದೂ ಆಗ ಚಾನೆಲ್‌ಗೆ ತೀರಾ ಹೊಸ ಫ್ಯಾಷನ್ ಅನಿಸಿತ್ತು, ಡೈನರ್, ಅಂದರೆ ಅಲ್ಲಿನ ಸಾದಾ ಹೋಟೆಲ್, ಮಾಡಿ ಅಂದಿದ್ದರು. 'ಸೈನ್‌ಫೆಲ್ಡ್' ಅನ್ನುವ ಹಾಸ್ಯ ಸರಣಿ ಆಗಲೇ ಡೈನರ್‌ನಲ್ಲಿ ಕೂತಿತ್ತಲ್ಲ.

ಇನ್ನೊಂದು ತಕರಾರು ಮೋನಿಕಾ ಮೇಲೆ. ಪೈಲಟ್‌ನಲ್ಲಿ ಅವಳು ಮೊದಲ ಭೇಟಿಯಲ್ಲೇ ಒಬ್ಬನ ಜೊತೆ ಮಲಗುತ್ತಾಳೆ. ಇಂಥವಳನ್ನು ಜನ ಮೆಚ್ಚುವುದಿಲ್ಲ ಅಂತ ಚಾನೆಲ್‌ನ ದೊಡ್ಡವರೊಬ್ಬರ ವಾದ. ನೋಡಲು ಬಂದವರಿಗೆ ಪ್ರಶ್ನಾವಳಿ ಹಂಚಿಸಿದರು. ಉತ್ತರದ ಆಯ್ಕೆಗಳಲ್ಲಿ ಅವಳನ್ನು ಬೈಯುವ ಪದಗಳೇ ತುಂಬಿದ್ದವು. ಪ್ರೇಕ್ಷಕರು ತಲೆಯೇ ಕೆಡಿಸಿಕೊಳ್ಳಲಿಲ್ಲ.

ಮೊದಲ ಕಂತು 1994ರ ಸೆಪ್ಟೆಂಬರ್ 22ರಂದು ಪ್ರಸಾರವಾಯಿತು. ಅದಕ್ಕೆ ಸ್ವಲ್ಪ ಮೊದಲು ನಿರ್ದೇಶಕ ಜೇಮ್ಸ್ ಬರೋಸ್ ಆರೂ ಜನರನ್ನು ಸ್ಟುಡಿಯೋದ ವಿಮಾನದಲ್ಲಿ ಲಾಸ್ ವೇಗಸ್‌ಗೆ ಕರೆದುಕೊಂಡು ಹೋದರು. ಊಟ ಹಾಕಿಸಿ, ಜೂಜಾಡಲು ದುಡ್ಡನ್ನೂ ಕೊಟ್ಟರು. ಯಾರೂ ಗುರುತಿಸದೆ ನೀವು ಒಟ್ಟಿಗೆ ಓಡಾಡುವುದು ಇದೇ ಕೊನೆ ಅಂದರಂತೆ. ಬರೋಸ್ ಸುಮ್ನೆ ಹೇಳುವವರಲ್ಲ. 'ಚಿಯರ್ಸ್' ಅನ್ನುವ ಹಾಸ್ಯ ಸರಣಿ ಹುಟ್ಟುಹಾಕಿದವರಲ್ಲಿ ಒಬ್ಬರು ಅವರು. ಆ ಸರಣಿ 1982ರಲ್ಲಿ ಶುರುವಾದಾಗ ರೇಟಿಂಗ್ ಪಟ್ಟಿಯ ತಳದಲ್ಲಿತ್ತು, ಮುಂದೆ 11 ವರ್ಷ ಓಡಿತು.

ಸಂಬಳದ ಕಥೆಯೂ ಇಲ್ಲೇ ಬರಬೇಕು, ಯಾಕೆಂದರೆ ಆ ಮೊದಲ ಕರಾರುಗಳ ಮುಂದುವರಿಕೆ ಅದು. ಮೊದಲ ಸೀಸನ್‌ನಲ್ಲಿ ಒಬ್ಬೊಬ್ಬರಿಗೆ ಕಂತಿಗೆ ಸುಮಾರು 22,500 ಡಾಲರ್. ಎರಡನೇ ಸೀಸನ್ ಹೊತ್ತಿಗೆ ಕೆಲವರಿಗೆ ಜಾಸ್ತಿ, ಕೆಲವರಿಗೆ ಕಡಿಮೆ. ಜಾಸ್ತಿ ಸಿಗುತ್ತಿದ್ದವರಲ್ಲಿ ಶ್ವಿಮ್ಮರ್ ಒಬ್ಬರು. ಆದರೂ ಆರೂ ಜನ ಒಟ್ಟಿಗೆ ಮಾತಾಡೋಣ, ಎಲ್ಲರಿಗೂ ಒಂದೇ ಸಂಬಳ ಕೇಳೋಣ ಅಂದವರು ಅವರೇ. ಇದರ ಬಲ ಎಲ್ಲಿದೆ ನೋಡಿ. ಆರು ಬೇರೆ ಬೇರೆ ಕರಾರು ಇದ್ದರೆ ಒಬ್ಬರನ್ನು ತೆಗೆದು ಸರಣಿ ಮುಂದುವರಿಸಬಹುದು. ಆರೂ ಒಂದೇ ಗಂಟಾದರೆ ತೆಗೆಯಲು ಆಗುವುದೇ ಇಲ್ಲ. ಕೊನೆಯ ಎರಡು ಸೀಸನ್‌ಗಳಲ್ಲಿ ತಲಾ 10 ಲಕ್ಷ ಡಾಲರ್, ಅದೂ ಕಂತಿಗೆ. ಸಹಿ ಮೊದಲು, ಆಯ್ಕೆ ಆಮೇಲೆ ಅನ್ನುವ ಆ ಹಳೆಯ ಲೆಕ್ಕಾಚಾರಕ್ಕೆ ನಟರು ಕೊಟ್ಟ ಉತ್ತರ ಅದು.

ನಗುವವರ ಮುಂದೆ ಶೂಟಿಂಗ್

ಕಥೆ ನ್ಯೂಯಾರ್ಕ್‌ದು. ಶೂಟಿಂಗ್ ನಡೆದದ್ದು ದೇಶದ ಆ ಕಡೆ ತುದಿಯಲ್ಲಿ, ಬರ್ಬ್ಯಾಂಕ್‌ನ ವಾರ್ನರ್ ಸ್ಟುಡಿಯೋದಲ್ಲಿ. ಹೆಚ್ಚಿನ ವರ್ಷ 24ನೇ ನಂಬರಿನ ಸ್ಟೇಜ್‌ನಲ್ಲಿ. ಪ್ರತಿ ಕಂತಿನ ಶುರುವಿನ ಹಾಡಿನಲ್ಲಿ ಬರುವ ಕಾರಂಜಿ ಕೂಡ ಬರ್ಬ್ಯಾಂಕಿನದೇ. ನ್ಯೂಯಾರ್ಕ್‌ನಲ್ಲಿರುವುದು ಹೊರಗಿನಿಂದ ಕಾಣುವ ಆ ಕಟ್ಟಡ ಮಾತ್ರ, ಬೆಡ್‌ಫರ್ಡ್ ಮತ್ತು ಗ್ರೋವ್ ಬೀದಿಗಳು ಸೇರುವ ಮೂಲೆಯಲ್ಲಿ.

ಸಿನಿಮಾದ ಹಾಗೆ ಒಂದೇ ಕ್ಯಾಮೆರಾದಲ್ಲಿ ಚೂರು ಚೂರಾಗಿ ತೆಗೆಯುವ ಸಿಟ್‌ಕಾಮ್‌ಗಳೂ, ಅಂದರೆ ಹಾಸ್ಯ ಸರಣಿಗಳೂ, ಇವೆ, 'ದಿ ಆಫೀಸ್' ಹಾಗೆ ತೆಗೆದದ್ದು. ಫ್ರೆಂಡ್ಸ್ ಹಾಗಲ್ಲ. ಒಂದು ಗೋಡೆ ಇಲ್ಲದ ಮನೆ, ಅದರ ಎದುರು ಸುಮಾರು 300 ಜನ ಕೂರುವ ಗ್ಯಾಲರಿ, ನಡುವೆ ಉರುಳಾಡುವ ನಾಲ್ಕು ಕ್ಯಾಮೆರಾ. ನಾಟಕದ ಹಾಗೆ ದೃಶ್ಯ ಪೂರ್ತಿ ಆಡುತ್ತಾರೆ, ಎಲ್ಲ ಕ್ಯಾಮೆರಾಗಳೂ ಒಟ್ಟಿಗೇ ಓಡುತ್ತವೆ. ಎಲ್ಲರೂ ಯಾವಾಗಲೂ ಮೇಜಿನ ಒಂದೇ ಬದಿಗೆ ಕೂರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಆಚೆ ಬದಿಯಲ್ಲಿ ಕೂತರೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಈ ವಿಧಾನದ ಬೇರು 1951ರಲ್ಲಿದೆ. 'ಐ ಲವ್ ಲೂಸಿ' ಅನ್ನುವ ಹಾಸ್ಯ ಸರಣಿ ಶುರುವಾಗುವ ಕಾಲ. ಆಗ ಟಿವಿ ಕಾರ್ಯಕ್ರಮ ಅಂದರೆ ಬಹುಪಾಲು ನ್ಯೂಯಾರ್ಕ್‌ನಿಂದ ನೇರ ಪ್ರಸಾರ. ಬೇರೆ ಊರಿಗೆ ಕಳಿಸಬೇಕಾದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಮಸುಕು ಪ್ರತಿಯೇ ಗತಿ. ಲೂಸಿಲ್ ಬಾಲ್ ಮತ್ತು ಅವರ ಗಂಡ ಡೆಸಿ ಆರ್ನಾಜ್ ಕ್ಯಾಲಿಫೋರ್ನಿಯಾ ಬಿಟ್ಟು ಬರಲು ಒಪ್ಪಲಿಲ್ಲ. ಹಾಗಾದರೆ ಜನ ಹೆಚ್ಚಿರುವ ಪೂರ್ವದ ಊರುಗಳಿಗೆ ಮಸುಕು ಪ್ರತಿ ಹೋಗಬೇಕು. ಅದಕ್ಕೆ ಪ್ರಾಯೋಜಕರಾದ ಸಿಗರೇಟು ಕಂಪನಿಯವರು ಒಪ್ಪಲಿಲ್ಲ. ನೇರವಾಗಿ 35 ಮಿಲಿಮೀಟರ್ ಫಿಲ್ಮ್‌ನಲ್ಲೇ ತೆಗೆಯೋಣ ಅಂದರು ಆರ್ನಾಜ್. ಖರ್ಚು ಜಾಸ್ತಿ ಅಂತು ಸಿಬಿಎಸ್. ಸಂಬಳದಲ್ಲಿ ಕಡಿತ ಮಾಡಿಕೊಳ್ಳಿ, ಆದರೆ ಫಿಲ್ಮ್ ನಮ್ಮದಾಗಿರಲಿ ಅಂತ ಗಂಡ ಹೆಂಡತಿ ಕೇಳಿದರು. ಚಾನೆಲ್ ಖುಷಿಯಿಂದ ಒಪ್ಪಿತು. ಒಮ್ಮೆ ತೋರಿಸಿದ ಹಾಸ್ಯವನ್ನು ಇನ್ನೊಮ್ಮೆ ಯಾರು ನೋಡುತ್ತಾರೆ ಅನ್ನುವ ಕಾಲ. ಮರುಪ್ರಸಾರ ಅನ್ನುವ ದೊಡ್ಡ ವ್ಯಾಪಾರ ಬೆಳೆದದ್ದು ಆ ಫಿಲ್ಮ್ ಡಬ್ಬಗಳಿಂದಲೇ.

ಲೂಸಿಗೆ ಇದ್ದದ್ದು ಮೂರು ಕ್ಯಾಮೆರಾ. ಮೂರೂ ಒಟ್ಟಿಗೆ ಓಡಿದರೆ ಬೆಳಕಿನದು ದೊಡ್ಡ ತಲೆನೋವು. ಒಂದು ಕ್ಯಾಮೆರಾಗೆ ಚೆಂದ ಕಂಡ ಬೆಳಕು ಇನ್ನೊಂದಕ್ಕೆ ನೆರಳಾಗುತ್ತದೆ. ಇದನ್ನು ಬಿಡಿಸಿದವರು ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್, ಜರ್ಮನಿಯ ಮೂಕಿಚಿತ್ರಗಳ ಕಾಲದಿಂದ ಬಂದವರು. ದೀಪಗಳನ್ನೆಲ್ಲ ಮೇಲಕ್ಕೆ ಏರಿಸಿ, ಸೆಟ್ ಪೂರ್ತಿ ಒಂದೇ ಸಮ ಬೆಳಕು ಬೀಳುವಂತೆ ಮಾಡಿದರು. ಸಿಟ್‌ಕಾಮ್ ಮನೆಗಳಲ್ಲಿ ರಾತ್ರಿಯೂ ಹಗಲಿನ ಹಾಗೆ ಕಾಣುವುದು ಆಗಿನಿಂದ ಬಂದದ್ದು.

ಫ್ರೆಂಡ್ಸ್‌ನ ಒಂದು ಕಂತಿಗೆ ಒಂದು ವಾರ. ಮೊದಲ ದಿನ ಎಲ್ಲರೂ ಮೇಜಿನ ಸುತ್ತ ಕೂತು ಸ್ಕ್ರಿಪ್ಟ್ ಓದುತ್ತಾರೆ. ಆಮೇಲೆ ರಿಹರ್ಸಲ್, ತಿದ್ದುಪಡಿ, ಮತ್ತೆ ತಿದ್ದುಪಡಿ. ಕ್ಯಾಮೆರಾ ಎಲ್ಲಿ ನಿಲ್ಲಬೇಕು ಅಂತ ಗುರುತು ಹಾಕುವ ದಿನ ಒಂದು. ಕೊನೆಯ ದಿನ ಪ್ರೇಕ್ಷಕರ ಮುಂದೆ ಶೂಟಿಂಗ್. ಟಿವಿಯಲ್ಲಿ 22 ನಿಮಿಷ ಬರುವ ಕಂತಿಗೆ ಆ ಸಂಜೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಯಾಕೆಂದರೆ ಜೋಕಿಗೆ ಜನ ನಗದಿದ್ದರೆ ಬರಹಗಾರರು ಅಲ್ಲೇ ಗುಂಪುಗೂಡಿ ಹೊಸದು ಬರೆಯುತ್ತಿದ್ದರು. ನಟರು ಆಗಷ್ಟೇ ಕೇಳಿಸಿಕೊಂಡು ಮತ್ತೆ ಆಡಬೇಕು. ಕಾದು ಸುಸ್ತಾದ ಪ್ರೇಕ್ಷಕರನ್ನು ಎಬ್ಬಿಸಿಡಲು ಬೇರೆಯೇ ಒಬ್ಬ ಹಾಸ್ಯಗಾರ ಇರುತ್ತಾನೆ. ಅಂದರೆ ನಗುವೆಲ್ಲ ನಕಲಿ ಅನ್ನುವುದು ಪೂರ್ತಿ ನಿಜವಲ್ಲ. ಎಡಿಟಿಂಗ್‌ನಲ್ಲಿ ನಗುವನ್ನು ತಿದ್ದುತ್ತಾರೆ, ಆದರೆ ಅದರ ಬುಡದಲ್ಲಿ ನಿಜವಾದ 300 ಜನ ಇದ್ದರು.

ಆ 300 ಜನಕ್ಕೆ ಕಥೆ ಬದಲಿಸುವ ಶಕ್ತಿಯೂ ಇತ್ತು. 1998ರಲ್ಲಿ ರಾಸ್ ಮದುವೆಯ ಕಂತುಗಳನ್ನು ಲಂಡನ್‌ನಲ್ಲಿ, ಅಲ್ಲಿನ ಪ್ರೇಕ್ಷಕರ ಮುಂದೆ ತೆಗೆದರು. ಚಾಂಡ್ಲರ್‌ನ ಹಾಸಿಗೆಯಿಂದ ಮೋನಿಕಾ ತಲೆ ಹೊರಹಾಕುವ ದೃಶ್ಯ ನೆನಪಿದೆಯಲ್ಲ. ಅದು ಬರಹಗಾರರಿಗೆ ಒಂದು ಸಣ್ಣ ತಮಾಷೆ ಅಷ್ಟೇ ಆಗಿತ್ತು. ಆದರೆ ಜನ ಕಿರುಚಿದ ರೀತಿ ಕಂಡು ಎಲ್ಲರೂ ದಂಗಾದರು. ನಟರು ಸದ್ದು ಇಳಿಯುವವರೆಗೆ ಕಾಯಬೇಕಾಯಿತು. ಆ ಕಿರುಚಾಟವೇ ಮುಂದೆ ಮದುವೆಯವರೆಗೆ ಬೆಳೆಯಿತು.

ಪೆಟ್ಟು, ಬಸಿರು, ಬಾಗಿಲು

ಅರ್ಸುಲಾಳ ವಿಷಯದಲ್ಲಿ ತೋರಿಸಿದ ಬುದ್ಧಿ ಮತ್ತೆ ಬರುತ್ತದೆ ಅಂದಿದ್ದೆ. ವರ್ಷಕ್ಕೆ 24 ಕಂತು ತೆಗೆಯುವವರಿಗೆ ನಟರ ಬದುಕು ಕಾಯಲಿ ಅನ್ನಲು ಆಗುವುದಿಲ್ಲ. ಆದ್ದರಿಂದ ಬದುಕನ್ನೇ ಸ್ಕ್ರಿಪ್ಟ್ ಒಳಗೆ ಎಳೆದುಕೊಳ್ಳುತ್ತಾರೆ. ಮೂರನೇ ಸೀಸನ್‌ನಲ್ಲಿ ಇಡೀ ಕಂತು ಮೋನಿಕಾಳ ಮನೆಯೊಳಗೇ ನಡೆಯುವ ಕಥೆಯೊಂದಿದೆ. ಹೊಸ ಸೆಟ್ ಇಲ್ಲ, ಅತಿಥಿ ನಟರು ಇಲ್ಲ ಎನ್ನುವಷ್ಟು ಕಡಿಮೆ, ಖರ್ಚು ಉಳಿಯಲಿ ಅಂತ. ಅದರಲ್ಲಿ ಕುರ್ಚಿಗಾಗಿ ಚಾಂಡ್ಲರ್ ಜೊತೆ ಜಗಳವಾಡುತ್ತಾ ಹಾರಿದ ಲೆಬ್ಲಾಂಕ್ ಭುಜದ ಕೀಲು ತಪ್ಪಿಸಿಕೊಂಡರು. ಮುಂದಿನ ಕಂತಿನಲ್ಲಿ ಜೋಯಿ ಮಂಚದ ಮೇಲೆ ಕುಣಿದು ಬಿದ್ದ ಅಂತ ಬರೆದರು. ಕೈಗೆ ಕಟ್ಟಿದ ಪಟ್ಟಿ ನಿಜವಾದದ್ದೇ.

ನಾಲ್ಕನೇ ಸೀಸನ್‌ನಲ್ಲಿ ಕುಡ್ರೋ ಬಸಿರಾದರು. ಫೀಬಿ ತಮ್ಮನ ಮಕ್ಕಳನ್ನು, ಅದೂ ಮೂವರನ್ನು, ತನ್ನ ಹೊಟ್ಟೆಯಲ್ಲಿ ಹೊತ್ತಳು. ಲಂಡನ್‌ಗೆ ಅವಳು ಹೋಗದಿದ್ದಕ್ಕೂ ಅದೇ ಕಾರಣ. ಕೊನೆಯ ಸೀಸನ್‌ನಲ್ಲಿ ಕಾಕ್ಸ್ ಬಸಿರಾದಾಗ ಮಾತ್ರ ಈ ದಾರಿ ಮುಚ್ಚಿತ್ತು. ಮೋನಿಕಾಗೆ ಮಕ್ಕಳಾಗುವುದಿಲ್ಲ ಅಂತ ಕಥೆ ಆಗಲೇ ಹೇಳಿಬಿಟ್ಟಿತ್ತು. ಸಡಿಲ ಬಟ್ಟೆ, ಅಡ್ಡಕ್ಕೊಂದು ವಸ್ತು, ಹೀಗೆ ಮುಚ್ಚಿಟ್ಟರು. 50 ವರ್ಷ ಹಿಂದೆ ಲೂಸಿಲ್ ಬಾಲ್ ಬಸಿರನ್ನು ಕಥೆಯಲ್ಲಿ ತೋರಿಸಿದಾಗ 'ಬಸುರಿ' ಅನ್ನುವ ಇಂಗ್ಲಿಷ್ ಪದವನ್ನೇ ಹೇಳಲು ಬಿಟ್ಟಿರಲಿಲ್ಲ!

ಸಣ್ಣಪುಟ್ಟವು ಬೇಕಾದಷ್ಟಿವೆ. ಮೋನಿಕಾ ಮನೆಯ ನಂಬರು ಮೊದಲು 5, ಆಮೇಲೆ 20 ಆಯಿತು. 5 ಅಂದರೆ ಕೆಳಗಿನ ಮಹಡಿ, ಕಿಟಕಿಯಲ್ಲಿ ಕಾಣುವುದು ಎತ್ತರದ ನೋಟ ಅಂತ ಯಾರಿಗೋ ಹೊಳೆಯಿತು. ಗೋಡೆಯ ನೇರಳೆ ಬಣ್ಣ ಸೆಟ್ ವಿನ್ಯಾಸಕ ಜಾನ್ ಶಾಫ್ನರ್ ಅವರ ಯೋಚನೆ. ರಿಮೋಟ್ ಒತ್ತುತ್ತಾ ಹೋಗುವವರು ಬಣ್ಣ ಕಂಡ ಕೂಡಲೇ ಇದು ಯಾವ ಸರಣಿ ಅಂತ ಗುರುತಿಸಲಿ ಅಂತ. ಆ ಕಾಫಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಥರ್ ಆದ ಜೇಮ್ಸ್ ಮೈಕಲ್ ಟೈಲರ್ ಅವರಿಗೆ ಕೆಲಸ ಸಿಕ್ಕಿದ್ದು ನಟನೆಗಲ್ಲ. ಜೂನಿಯರ್ ಕಲಾವಿದರ ಗುಂಪಿನಲ್ಲಿ ಕಾಫಿ ಯಂತ್ರ ನಡೆಸಲು ಬರುತ್ತಿದ್ದುದು ಅವರೊಬ್ಬರಿಗೇ. ನಿಜ ಜೀವನದಲ್ಲೂ ಕಾಫಿ ಅಂಗಡಿಯಲ್ಲಿ ದುಡಿಯುತ್ತಿದ್ದವರು.

ಕೊನೆಯ ಕಂತು 2004ರ ಮೇ 6ರಂದು ಬಂತು. ಅಮೆರಿಕದಲ್ಲೇ 5 ಕೋಟಿಗೂ ಹೆಚ್ಚು ಜನ ನೋಡಿದರು.

ಲೂಸಿಯ ಕಾಲದ ಆ ಫಿಲ್ಮ್ ಡಬ್ಬಗಳ ಲಾಭ ಫ್ರೆಂಡ್ಸ್‌ಗೂ ಸಿಕ್ಕಿತು. ಇದನ್ನೂ 35 ಮಿಲಿಮೀಟರ್ ಫಿಲ್ಮ್‌ನಲ್ಲೇ ತೆಗೆದಿದ್ದರು. 90ರ ದಶಕದ ಟಿವಿ ಹೆಚ್ಚುಕಡಿಮೆ ಚೌಕ, ಆದ್ದರಿಂದ ಮನೆಗಳಿಗೆ ಬಂದದ್ದು ಚಿತ್ರದ ನಡುವಿನ ಭಾಗ ಮಾತ್ರ. ಎಡಬಲದ ಅಂಚುಗಳು ಫಿಲ್ಮ್‌ನಲ್ಲಿ ಇದ್ದವು, ಯಾರೂ ನೋಡುವುದಿಲ್ಲ ಅಂತ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 2012ರಲ್ಲಿ ಬ್ಲೂ-ರೇ ಡಿಸ್ಕ್ ಮಾಡುವಾಗ ಅಗಲ ಪರದೆಗಾಗಿ ಆ ಅಂಚುಗಳನ್ನು ತೆರೆದರು. ಗೋಡೆ ಮುಗಿಯುವ ಜಾಗ ಕಂಡಿತು. ಅದರ ಜೊತೆಗೆ ಬೇರೆ ಕೆಲವರೂ ಕಂಡರು. ಒಬ್ಬರ ಮುಖ ಮಾತ್ರ ತೆಗೆಯುವಾಗ ಎದುರು ಕೂರಲು ಅದೇ ಥರದ ಕೂದಲು, ಬಟ್ಟೆಯ ಬದಲಿಯವರನ್ನು ಇಡುತ್ತಾರೆ. ಅವರು ಚೌಕದ ಹೊರಗೆ ಇರಬೇಕಾದವರು. ಈಗ ರೇಚಲ್ ಮಾತಾಡುತ್ತಿರುವಾಗ ಪರದೆಯ ಅಂಚಿನಲ್ಲಿ ನೋಡಿ. ಮೋನಿಕಾ ಜಾಗದಲ್ಲಿ ಮೋನಿಕಾ ಅಲ್ಲದ ಯಾರೋ ಒಬ್ಬರು, ಗೆಳತಿಯ ಮಾತನ್ನು ಗಮನವಿಟ್ಟು ಕೇಳುತ್ತಾ ಕೂತಿದ್ದಾರೆ.